ಬಾನುಲಿ ಬಾಯಿ ಮುಚ್ಚಬಾರದು

ಲಿಕ್ವಿಡ್‌ಸೋಪ್ ಎಂಬ ತಂತ್ರಾಂಶಕ್ಕೆ ಒಂದು ಹಟವಿದೆ. ಹಾಡುಗಳ ಫೋಲ್ಡರ್ ಒಂದನ್ನು ತೋರಿಸಿ, ಇದನ್ನು ರೇಡಿಯೊ ಮಾಡಿ ಇಂಟರ್ನೆಟ್ಟಿಗೆ ಬಿಡು ಎಂದು ಎರಡು ಸಾಲು ಬರೆದುಕೊಟ್ಟರೆ ಅದು ಕೆಲಸವನ್ನೇ ಶುರು ಮಾಡುವುದಿಲ್ಲ. ಈ ಮೂಲ ಕೈಕೊಡಬಹುದು ಎಂದು ದೂರಿ ನಿಂತುಬಿಡುತ್ತದೆ. ಇನ್ನೂ ಒಂದು ಹಾಡೂ ನುಡಿದಿಲ್ಲ, ಯಾವ ತಪ್ಪೂ ನಡೆದಿಲ್ಲ. ಆದರೂ ಅದಕ್ಕೆ ಅನುಮಾನ: ಫೋಲ್ಡರ್ ಖಾಲಿಯಾದರೆ? ಫೈಲು ಕೆಟ್ಟಿದ್ದರೆ? ಡಿಸ್ಕ್ ಕೈಕೊಟ್ಟರೆ? ಆ ಹೊತ್ತಿನಲ್ಲಿ ಕೇಳುಗರ ಕಿವಿಗೆ ಏನು ಬೀಳಬೇಕು ಎಂಬುದನ್ನು ಮೊದಲೇ ಬರೆದುಕೊಟ್ಟರೆ ಮಾತ್ರ ಅದು ಪ್ರಸಾರಕ್ಕೆ ಒಪ್ಪುತ್ತದೆ.

ಈ ತಂತ್ರಾಂಶ ಹುಟ್ಟಿದ್ದು 2000ರ ದಶಕದ ಆರಂಭದಲ್ಲಿ, ಫ್ರಾನ್ಸಿನ ಲಿಯೋನ್ ನಗರದ ಇಕೋಲ್ ನಾರ್ಮಾಲ್ ಸುಪೀರಿಯರ್ ಎಂಬ ವಿದ್ಯಾಸಂಸ್ಥೆಯಲ್ಲಿ. ಡೇವಿಡ್ ಬೆಲ್ಡ್ ಮತ್ತು ಸ್ಯಾಮುಯೆಲ್ ಮಿಮ್ರಾಮ್ ಆಗ ಅಲ್ಲಿ ವಿದ್ಯಾರ್ಥಿಗಳು. ಕ್ಯಾಂಪಸ್ಸಿನ ಕಂಪ್ಯೂಟರುಗಳಲ್ಲಿ ಬಿದ್ದಿದ್ದ ಹಾಡುಗಳನ್ನೆಲ್ಲ ಒಟ್ಟುಮಾಡಿ ಗೆಳೆಯರಿಗಾಗಿ ಒಂದು ರೇಡಿಯೊ ನಡೆಸುವ ಹುಮ್ಮಸ್ಸು ಅವರದು. ಓದುತ್ತಿದ್ದದ್ದು ಗಣಕವಿಜ್ಞಾನದ ತಾತ್ವಿಕ ಭಾಗ. ಹಾಗಾಗಿ ಹಾಡು ನುಡಿಸುವ ಚಿಕ್ಕ ಪ್ರೋಗ್ರಾಮಿನ ಬದಲು, ರೇಡಿಯೊ ನಡೆಸುವುದಕ್ಕೆಂದೇ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆಯನ್ನೇ ಕಟ್ಟಿದರು. ಹುಡುಗಾಟದಲ್ಲಿ ಶುರುವಾದ ಅದೇ ಭಾಷೆ ಇವತ್ತು ಫ್ರಾನ್ಸಿನ ಸಾರ್ವಜನಿಕ ಬಾನುಲಿ ಸಂಸ್ಥೆಯಾದ ರೇಡಿಯೊ ಫ್ರಾನ್ಸ್‌ನ ಇಂಟರ್ನೆಟ್ ಪ್ರಸಾರದಲ್ಲೂ ಬಳಕೆಯಲ್ಲಿದೆ.

ರೇಡಿಯೊ ನಡೆಸಿದವರಿಗೆ ಆ ಹಟದ ಅರ್ಥ ಬೇಗ ಆಗುತ್ತದೆ. ಪತ್ರಿಕೆಯ ಪುಟದಲ್ಲಿ ಖಾಲಿ ಜಾಗ ಉಳಿದರೆ ಓದುಗ ಪುಟ ತಿರುಗಿಸುತ್ತಾನೆ, ಪತ್ರಿಕೆ ಕೈಯಲ್ಲೇ ಇರುತ್ತದೆ. ರೇಡಿಯೊ ಹತ್ತು ಸೆಕೆಂಡು ಸುಮ್ಮನಾದರೆ ಕೇಳುಗ ಹೋದ ಹಾಗೆಯೇ. ಮುಕ್ತ ತಂತ್ರಾಂಶ ಬಳಸಿ ಇಂಟರ್ನೆಟ್ ರೇಡಿಯೊ ಕಟ್ಟುವ ಕೆಲಸ ಈಗ ಒಂದು ಮಧ್ಯಾಹ್ನದ್ದು, ತಂತ್ರಾಂಶಕ್ಕೆ ಕೊಡಬೇಕಾದ ದುಡ್ಡು ಸೊನ್ನೆ. ಕಷ್ಟವಿರುವುದು ಮಾರನೆಯ ದಿನದಿಂದ, ಅದರ ಬಾಯಿ ಮುಚ್ಚದಂತೆ ನೋಡಿಕೊಳ್ಳುವುದರಲ್ಲಿ.

ಇಂಟರ್ನೆಟ್ಟಿನಲ್ಲಿ ರೇಡಿಯೊ ಎಂಬ ಕಲ್ಪನೆ ಬ್ರೌಸರುಗಳಷ್ಟೇ ಹಳೆಯದು. 1993ರಲ್ಲಿ ಅಮೆರಿಕದ ಕಾರ್ಲ್ ಮಲಮೂಡ್ 'ಇಂಟರ್ನೆಟ್ ಟಾಕ್ ರೇಡಿಯೊ' ಶುರು ಮಾಡಿ ವಾರಕ್ಕೊಬ್ಬ ತಂತ್ರಜ್ಞರ ಸಂದರ್ಶನವನ್ನು ಧ್ವನಿ ಕಡತವಾಗಿ ಹಂಚಿದರು. 1994ರ ನವೆಂಬರ್ 7ರಂದು ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್‌ನ ವಿದ್ಯಾರ್ಥಿ ರೇಡಿಯೊ ಕೇಂದ್ರ ಡಬ್ಲ್ಯುಎಕ್ಸ್‌ವೈಸಿ ತನ್ನ ಎಫ್‌ಎಂ ಪ್ರಸಾರವನ್ನು ನೇರವಾಗಿ ಇಂಟರ್ನೆಟ್ಟಿಗೂ ಹರಿಸಿತು. ಜನಸಾಮಾನ್ಯರ ಕೈಗೆ ಈ ಕೆಲಸ ಸಿಕ್ಕಿದ್ದು 1998ರ ಕೊನೆಯಲ್ಲಿ, ವಿನ್‌ಆಂಪ್ ಮಾಡಿದ ನಲ್‌ಸಾಫ್ಟ್ ಕಂಪನಿ ಶೌಟ್‌ಕಾಸ್ಟ್ ಬಿಡುಗಡೆ ಮಾಡಿದಾಗ. ಶೌಟ್‌ಕಾಸ್ಟ್ ಪುಕ್ಕಟೆಯಾಗಿತ್ತು, ಆದರೆ ಅದರ ಒಳಗೇನಿದೆ ಎಂದು ಬಿಚ್ಚಿ ನೋಡುವಂತಿರಲಿಲ್ಲ. ಅದಕ್ಕೆ ಉತ್ತರವಾಗಿ ಜ್ಯಾಕ್ ಮಾಫಿಟ್ ಮತ್ತು ಭರತ್ ರಾಘವನ್ ಐಸ್‌ಕಾಸ್ಟ್ ಬರೆದರು. ಮುಂದೆ ಅದು ಜಿಫ್ ಎಂಬ ಮುಕ್ತ ತಂತ್ರಾಂಶ ಪ್ರತಿಷ್ಠಾನದ ಮನೆ ಸೇರಿತು, 2004ರಲ್ಲಿ ಪೂರ್ತಿ ಹೊಸದಾಗಿ ಬರೆದ ಎರಡನೆಯ ಆವೃತ್ತಿ ಬಂತು. ವಿನ್‌ಆಂಪ್ ಈಗ ನೆನಪಿನ ಸಾಮಾನು. ಐಸ್‌ಕಾಸ್ಟ್ ಮಾತ್ರ ಈ ಹೊತ್ತಿಗೂ ಸಾವಿರಾರು ಕೇಂದ್ರಗಳ ಕೆಳಗೆ ಓಡುತ್ತಿದೆ.

ಕೆಲಸದ ಸರಪಳಿ ಹೀಗೆ. ಒಂದು ತುದಿಯಲ್ಲಿ ಧ್ವನಿಯ ಮೂಲ: ಮೈಕು, ಹಾಡಿನ ಪಟ್ಟಿ, ಇಲ್ಲವೇ ಮಿಕ್ಸರ್. ಅದನ್ನು ಕುಗ್ಗಿಸಿ ಎಂಪಿ3ಯೋ ಓಪಸ್ಸೋ ಮಾಡಿ ಕಳಿಸುವ ಒಂದು ಪ್ರೋಗ್ರಾಂ. ಅದನ್ನು ಪಡೆದು ಕೇಳುಗರಿಗೆಲ್ಲ ಒಂದೊಂದು ಪ್ರತಿ ಹಂಚುವ ಸರ್ವರ್, ಅಂದರೆ ಐಸ್‌ಕಾಸ್ಟ್. ಕೊನೆಗೆ ಕೇಳುಗನ ಮೊಬೈಲು. ಈ ನಾಲ್ಕರಲ್ಲಿ ಯಾವುದು ಎಲ್ಲಿರಬೇಕು ಎಂಬುದನ್ನು ಮೊದಲು ತೀರ್ಮಾನಿಸದವರು ಆಮೇಲೆ ಒದ್ದಾಡುತ್ತಾರೆ. ಮೈಕು ಧಾರವಾಡದ ಮನೆಯಲ್ಲಿರಲಿ, ಸರ್ವರ್ ಮುಂಬೈಯಲ್ಲೋ ಸಿಂಗಪುರದಲ್ಲೋ ಬಾಡಿಗೆಗೆ ಪಡೆದ ಯಂತ್ರದಲ್ಲಿರಲಿ. ಎರಡನ್ನೂ ಮನೆಯಲ್ಲೇ ಇಟ್ಟುಕೊಳ್ಳುವ ಆಸೆ ಸಹಜ. ಅದು ಯಾಕೆ ಬೇಡ ಎನ್ನುವುದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ.

ಎಫ್‌ಎಂ ಗೋಪುರ ಊರ ದೇವಸ್ಥಾನದ ಗಂಟೆಯಂಥದ್ದು. ಹತ್ತು ಜನ ಕೇಳಲಿ, ಹತ್ತು ಸಾವಿರ ಜನ ಕೇಳಲಿ, ಬಾರಿಸುವ ಖರ್ಚು ಒಂದೇ. ಇಂಟರ್ನೆಟ್ ರೇಡಿಯೊ ಮನೆಮನೆಗೆ ಹಾಲು ಹಾಕುವ ಕೆಲಸ. ಗಿರಾಕಿ ಹೆಚ್ಚಿದ ಹಾಗೆ ಕ್ಯಾನು ಹೆಚ್ಚಬೇಕು. 128 ಕೆಬಿಪಿಎಸ್ ಎಂಪಿ3 ಪ್ರಸಾರ ಸೆಕೆಂಡಿಗೆ 16 ಕಿಲೊಬೈಟ್ ನುಂಗುತ್ತದೆ, ಗಂಟೆಗೆ ಸುಮಾರು 58 ಎಂಬಿ. ನೂರು ಜನ ಒಟ್ಟಿಗೆ ಕೇಳಿದರೆ ಹೊರಹರಿವು 12.8 ಎಂಬಿಪಿಎಸ್, ಗಂಟೆಗೆ 5.8 ಜಿಬಿ. ತಿಂಗಳಿಡೀ ಹಗಲೂ ರಾತ್ರಿ ಸರಾಸರಿ ನೂರು ಜನ ಉಳಿದರೆ ನಾಲ್ಕು ಟಿಬಿಯನ್ನು ಮೀರುತ್ತದೆ. ಸರ್ವರ್ ಬೇರೆಡೆ ಇದ್ದರೆ ಮನೆಯಿಂದ ಹೊರಗೆ ಹೋಗಬೇಕಾದದ್ದು ಒಂದೇ ಒಂದು ಪ್ರತಿ. ಅದಕ್ಕೆ ಮೊಬೈಲಿನ ಹಾಟ್‌ಸ್ಪಾಟ್ ಕೂಡ ಸಾಕು.

ಆ ಲೆಕ್ಕವನ್ನು ಇಳಿಸುವ ದಾರಿಯೂ ಮುಕ್ತ ತಂತ್ರಾಂಶದವರೇ ಮಾಡಿದ್ದು. 1998ರಲ್ಲಿ ಎಂಪಿ3ಯ ಪೇಟೆಂಟ್ ಹೊಂದಿದ್ದ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಶುಲ್ಕ ಕೇಳಲು ಹೊರಟಾಗ, ಕ್ರಿಸ್ ಮಾಂಟ್ಗಮರಿ ಶುಲ್ಕವಿಲ್ಲದ ವಾರ್ಬಿಸ್ ಎಂಬ ಧ್ವನಿ ಮಾದರಿಯ ಕೆಲಸವನ್ನು ಚುರುಕುಗೊಳಿಸಿದರು. 2002ರಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಂತು. ಹತ್ತು ವರ್ಷಗಳ ನಂತರ ಓಪಸ್ ಬಂತು. ಸ್ಕೈಪ್‌ನ ಮಾತಿನ ತಂತ್ರ ಮತ್ತು ಜಿಫ್‌ನ ಸಂಗೀತದ ತಂತ್ರ ಎರಡನ್ನೂ ಕೂಡಿಸಿ ಮಾಡಿದ ಓಪಸ್, 2012ರಲ್ಲಿ ಇಂಟರ್ನೆಟ್ಟಿನ ಅಧಿಕೃತ ಮಾನಕವಾಯಿತು. ಬರೀ ಮಾತಿನ ಕಾರ್ಯಕ್ರಮಕ್ಕೆ ಓಪಸ್ 32 ಕೆಬಿಪಿಎಸ್ ಸಾಕು, ಗಂಟೆಗೆ 15 ಎಂಬಿಯೂ ಆಗುವುದಿಲ್ಲ. ಹಾಗಾದರೆ ಎಲ್ಲರೂ ಓಪಸ್ಸನ್ನೇ ಯಾಕೆ ಬಳಸಬಾರದು? ಆಪಲ್‌ನ ಸಫಾರಿ ಬ್ರೌಸರ್ ಬಹಳ ಕಾಲ ವಾರ್ಬಿಸ್, ಓಪಸ್ ಪ್ರಸಾರಗಳನ್ನು ನುಡಿಸಲಿಲ್ಲ, ಹಳೆಯ ಫೋನುಗಳ ಕಥೆಯೂ ಅಷ್ಟೆ. ಅತ್ತ 2017ರಲ್ಲಿ ಎಂಪಿ3ಯ ಪರವಾನಗಿ ವ್ಯವಹಾರವನ್ನೇ ಫ್ರೌನ್‌ಹೋಫರ್ ಮುಚ್ಚಿತು. ಆದ್ದರಿಂದ ಜಾಣರು ಒಂದೇ ಪ್ರಸಾರವನ್ನು ಎರಡು ವಿಳಾಸಗಳಲ್ಲಿ ಬಿಡುತ್ತಾರೆ: ಎಲ್ಲರಿಗೂ ಎಂಪಿ3, ಡೇಟಾ ಎಣಿಸಿ ಖರ್ಚು ಮಾಡುವವರಿಗೆ ಓಪಸ್.

ಡೆಬಿಯನ್ ಅಥವಾ ಉಬುಂಟು ಇರುವ ಸರ್ವರಿನಲ್ಲಿ ಐಸ್‌ಕಾಸ್ಟ್ ಸ್ಥಾಪಿಸುವುದು ಒಂದು ಸಾಲಿನ ಆಜ್ಞೆ. ಸ್ಥಾಪನೆಯ ನಡುವೆಯೇ ಅದು ಸರ್ವರಿನ ಹೆಸರನ್ನೂ ಮೂರು ಪಾಸ್‌ವರ್ಡುಗಳನ್ನೂ ಕೇಳುತ್ತದೆ. ಪ್ರಸಾರ ಕಳಿಸುವವರಿಗೆ ಒಂದು, ಮತ್ತೊಂದು ಸರ್ವರ್ ಇದೇ ಪ್ರಸಾರವನ್ನು ಮರುಹಂಚುವುದಕ್ಕೆ ಒಂದು, ಮೇಲ್ವಿಚಾರಕರಿಗೆ ಒಂದು. ಅವಸರದಲ್ಲಿ ಎಂಟರ್ ಒತ್ತಿಕೊಂಡು ಹೋದವರ ಪಾಸ್‌ವರ್ಡ್ 'ಹ್ಯಾಕ್‌ಮಿ' ಎಂದೇ ಉಳಿಯುತ್ತದೆ. ಬರೆದವರು ಎಚ್ಚರಿಕೆಗಾಗಿ ಇಟ್ಟ ಹೆಸರು ಅದು. ಓದದೆ ಬಿಟ್ಟರೆ ಅದೇ ಆಹ್ವಾನ. ಯಾರೋ ಅಪರಿಚಿತರು ನಿಮ್ಮ ಸುಪ್ರಭಾತದ ಹೊತ್ತಿಗೆ ತಮ್ಮ ಹಾಡು ಹಾಕಬಹುದು.

ಮಿಕ್ಕಿದ್ದೆಲ್ಲ ಒಂದೇ ಎಕ್ಸ್ಎಂಎಲ್ ಕಡತದಲ್ಲಿದೆ. ಕೇಳುವ ಬಾಗಿಲು 8000ನೇ ಪೋರ್ಟ್, ಒಮ್ಮೆಗೆ 100 ಕೇಳುಗರು, ಎರಡು ಮೂಲಗಳು, ಬೇಕಾದರೆ ಬದಲಿಸಿಕೊಳ್ಳಬಹುದು. ಅದರಲ್ಲಿ ಒಂದು ಸಾಲು ವಿಶೇಷ. ಹೊಸ ಕೇಳುಗ ಬಂದ ಕೂಡಲೇ ಐಸ್‌ಕಾಸ್ಟ್ ಅವನಿಗೆ ಈಗಾಗಲೇ ಪ್ರಸಾರವಾದ ಕೊನೆಯ 64 ಕಿಲೊಬೈಟನ್ನು ಒಮ್ಮೆಗೇ ತಳ್ಳುತ್ತದೆ. 128 ಕೆಬಿಪಿಎಸ್‌ನಲ್ಲಿ ಅದು ನಾಲ್ಕು ಸೆಕೆಂಡಿನ ಧ್ವನಿ. ಇದರಿಂದ ಒತ್ತಿದ ತಕ್ಷಣ ಹಾಡು ಶುರುವಾಗುತ್ತದೆ, ನಡುವೆ ಸಿಗ್ನಲ್ ತಡವರಿಸಿದರೂ ಧ್ವನಿ ಕಡಿಯುವುದಿಲ್ಲ. ಬೆಲೆಯೂ ಉಂಟು: ಫೋನಿನ ಪ್ಲೇಯರ್ ತನ್ನ ಪಾಲಿನ ಬಫರ್ ಬೇರೆ ಸೇರಿಸುವುದರಿಂದ ಕೇಳುಗ ಸದಾ ಕೆಲವು ಸೆಕೆಂಡು ಹಿಂದೆಯೇ. ಕ್ರಿಕೆಟ್ ವೀಕ್ಷಕ ವಿವರಣೆ ಕೊಡಲು ಹೊರಟವರು ಪಕ್ಕದ ಮನೆಯವರ ಕೇಕೆ ಮೊದಲು ಕೇಳಲು ಸಿದ್ಧರಿರಬೇಕು.

ಕಳಿಸುವ ತುದಿಗೆ ಬಂದರೆ, ಹೊಸಬರಿಗೆ ಬಟ್ ಎಂಬ ಪುಟ್ಟ ತಂತ್ರಾಂಶಕ್ಕಿಂತ ಸುಲಭದ್ದು ಇಲ್ಲ. ಡೇನಿಯಲ್ ನೋಥೆನ್ ಬರೆದದ್ದು. ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ಓಡುತ್ತದೆ. ಸರ್ವರಿನ ವಿಳಾಸ, ಪೋರ್ಟ್, ಪಾಸ್‌ವರ್ಡ್, ಪ್ರಸಾರದ ಹೆಸರು ತುಂಬಿ ಗುಂಡಿ ಒತ್ತಿದರೆ ಮೈಕಿನ ಧ್ವನಿ ಹೊರಟಿತು. ಹಾಡನ್ನೂ ಮಾತನ್ನೂ ಕೈಯಾರೆ ಬೆರೆಸುವವರಿಗೆ ಮಿಕ್ಸ್ ಎಂಬ ಡಿಜೆ ತಂತ್ರಾಂಶವಿದೆ. ಮದುವೆ ಮನೆಯ ಡಿಜೆಗಳಿಗೆ ಪರಿಚಿತವಾದ ಎರಡು ತಟ್ಟೆಗಳ ಪರದೆಯಿಂದಲೇ ನೇರ ಐಸ್‌ಕಾಸ್ಟಿಗೆ ಕಳಿಸಬಹುದು. ಪರದೆಯೇ ಬೇಡ, ಒಂದು ಮೂಲೆಯಲ್ಲಿ ಸುಮ್ಮನೆ ಓಡುತ್ತಿರಲಿ ಎನ್ನುವವರಿಗೆ ಡಾರ್ಕ್‌ಐಸ್.

ಲಿನಕ್ಸ್‌ನಲ್ಲಿ ಸಂಜೆಗಳು ಹಾಳಾಗುವುದು ಐಸ್‌ಕಾಸ್ಟಿನಲ್ಲಲ್ಲ, ಸೌಂಡ್ ಕಾರ್ಡಿನಲ್ಲಿ. ಆಲ್ಸಾ, ಪಲ್ಸ್‌ಆಡಿಯೊ, ಜ್ಯಾಕ್ ಎಂದು ಒಂದರ ಮೇಲೊಂದು ಪದರ ಬೆಳೆದು, ಯಾವ ಮೈಕು ಯಾರ ಹಿಡಿತದಲ್ಲಿದೆ ಎಂದು ತಿಳಿಯದ ಕಾಲವಿತ್ತು. ವಿಮ್ ಟೈಮನ್ಸ್ ಬರೆದ ಪೈಪ್‌ವೈರ್ ಬಂದಮೇಲೆ ಹಲವು ಲಿನಕ್ಸ್ ವಿತರಣೆಗಳಲ್ಲಿ ಈ ಜಗಳ ತಣ್ಣಗಾಗಿದೆ. ಹಳೆಯ ಮಾರ್ಗದರ್ಶಿ ನೋಡಿ ಜ್ಯಾಕ್ ಜೊತೆ ಗುದ್ದಾಡುವ ಮೊದಲು ಹೊಸ ವಿತರಣೆ ಹಾಕಿಕೊಳ್ಳುವುದು ಕ್ಷೇಮ.

ಮೈಕಿನ ಮುಂದೆ ಯಾರೂ ಇಲ್ಲದ ಗಂಟೆಗಳೇ ದಿನದಲ್ಲಿ ಹೆಚ್ಚು. ಲಿಕ್ವಿಡ್‌ಸೋಪ್‌ನ ಅಗತ್ಯ ಬೀಳುವುದು ಅಲ್ಲಿ. ಅದರ ಭಾಷೆಯಲ್ಲಿ ರೇಡಿಯೊ ಕೇಂದ್ರವೆಂದರೆ ಒಂದು ಆದ್ಯತೆಯ ಸಾಲು. ನೇರಪ್ರಸಾರ ಇದ್ದರೆ ಅದು, ಇಲ್ಲವಾದರೆ ಈ ಹೊತ್ತಿನ ಹಾಡಿನ ಪಟ್ಟಿ, ಅದೂ ಕೈಕೊಟ್ಟರೆ ಸರ್ವರಿನಲ್ಲೇ ಕಾದಿಟ್ಟ ಒಂದು ಆಪತ್ಕಾಲದ ಫೈಲು. ಮೂರನೆಯದು ಇದ್ದರಷ್ಟೇ ಅದರ ಹಟ ಇಳಿಯುತ್ತದೆ. ಬೆಳಿಗ್ಗೆ ಆರರಿಂದ ಎಂಟು ವಚನ, ಎಂಟರಿಂದ ಮಾತುಕತೆ, ನಾಲ್ಕು ಹಾಡಿಗೊಮ್ಮೆ ಕೇಂದ್ರದ ಹೆಸರು, ಗಂಟೆ ತುಂಬಿದಾಗ ಸಮಯ, ಒಂದು ಹಾಡಿನ ಬಾಲಕ್ಕೆ ಮುಂದಿನ ಹಾಡಿನ ತಲೆಯನ್ನು ಮೆಲ್ಲಗೆ ಬೆಸೆಯುವುದು: ಇಷ್ಟೂ ಇಪ್ಪತ್ತು ಮೂವತ್ತು ಸಾಲುಗಳಲ್ಲಿ ಮುಗಿಯುತ್ತದೆ. ಸಮಯ ಹೇಳಲು ಬರಹವನ್ನು ಓದಿ ಹೇಳುವ ಇಸ್ಪೀಕ್ ತಂತ್ರಾಂಶದ ಕನ್ನಡ ಧ್ವನಿಯನ್ನೂ ಬಳಸಬಹುದು, ಅದರ ಯಂತ್ರದ ಉಚ್ಚಾರಣೆ ಕೇಳುಗರಿಗೆ ನಗು ತರಿಸಿದರೆ ಪರವಾಗಿಲ್ಲ ಎನ್ನುವವರು.

ಬರೆಯುವುದೇ ಬೇಡ, ಮೌಸ್ ಸಾಕು ಎನ್ನುವವರಿಗೆ ಆಜುರಾಕಾಸ್ಟ್ ಇದೆ. ಐಸ್‌ಕಾಸ್ಟ್, ಲಿಕ್ವಿಡ್‌ಸೋಪ್ ಎರಡನ್ನೂ ಒಳಗಿಟ್ಟುಕೊಂಡು ಮೇಲೊಂದು ಚಂದದ ಜಾಲತಾಣ ಹೊದಿಸಿದ ಪೊಟ್ಟಣ ಅದು. ಹಾಡು ಎಳೆದು ಹಾಕಿ, ಕ್ಯಾಲೆಂಡರಿನಲ್ಲಿ ಕಾರ್ಯಕ್ರಮ ಕೂರಿಸಿ, ಕೇಳುಗರೇ ಹಾಡು ಕೋರುವ ಪುಟವನ್ನೂ ತೆರೆಯಬಹುದು. ಲಿಬ್ರೆಟೈಮ್ ಇದಕ್ಕಿಂತ ಹಿರಿಯ ವಂಶದ್ದು. ಸೋರ್ಸ್‌ಫ್ಯಾಬ್ರಿಕ್ ಸಂಸ್ಥೆಯ ಏರ್‌ಟೈಮ್ ತಂತ್ರಾಂಶದ ಮುಕ್ತ ಆವೃತ್ತಿ ಬೆಳೆಯದೆ ನಿಂತಾಗ, 2017ರಲ್ಲಿ ಬಳಕೆದಾರರೇ ಅದರ ಸೋರ್ಸ್ ಕೋಡ್ ತೆಗೆದುಕೊಂಡು ಬೇರೆ ಮನೆ ಮಾಡಿದರು. ಅಮೆರಿಕದ ಸೇಲಂ ರೇಡಿಯೊ ಬಳಗದಲ್ಲಿ 2002ರಲ್ಲಿ ಹುಟ್ಟಿದ ರಿವೆಂಡೆಲ್ ನಿಜವಾದ ಸ್ಟುಡಿಯೊ ಇರುವ ದೊಡ್ಡ ಕೇಂದ್ರಗಳಿಗೆ ತಕ್ಕದ್ದು. ಇಬ್ಬರೋ ಮೂವರೋ ಸೇರಿ ನಡೆಸುವ ಕೇಂದ್ರ ಅದರ ಗೊಡವೆಗೆ ಹೋಗದಿರುವುದೇ ಒಳ್ಳೆಯದು. ಆಜುರಾಕಾಸ್ಟಿನಿಂದ ಶುರು ಮಾಡಿ, ಅದರ ಬೇಲಿ ಇಕ್ಕಟ್ಟೆನಿಸಿದ ದಿನ ಲಿಕ್ವಿಡ್‌ಸೋಪ್ ಕಲಿಯುವುದು ಸರಿಯಾದ ದಾರಿ.

ಕರೆಂಟು ಹೋಗುತ್ತದೆ, ಇಂಟರ್ನೆಟ್ ಹೋಗುತ್ತದೆ. ಮನೆಯ ತುದಿ ಸತ್ತಾಗ ಸರ್ವರಿನ ತುದಿ ಬದುಕಿರಬೇಕು ಎಂಬುದಕ್ಕಾಗಿಯೇ ಐಸ್‌ಕಾಸ್ಟಿನಲ್ಲಿ ಬದಲಿ ಮೂಲದ ಸೌಲಭ್ಯವಿದೆ. ಮುಖ್ಯ ಪ್ರಸಾರ ಕಡಿದ ಕ್ಷಣ ಕೇಳುಗರನ್ನೆಲ್ಲ ಅದು ಎರಡನೆಯ ಪ್ರಸಾರಕ್ಕೆ ದಾಟಿಸುತ್ತದೆ, ಮುಖ್ಯ ಪ್ರಸಾರ ಮರಳಿದಾಗ ವಾಪಸು ಕರೆತರುತ್ತದೆ. ಎರಡೂ ಒಂದೇ ಮಾದರಿಯದ್ದಾಗಿರಬೇಕು. ವಾರ್ಬಿಸ್ ಕೇಳುತ್ತಿದ್ದ ಪ್ಲೇಯರಿಗೆ ಇದ್ದಕ್ಕಿದ್ದಂತೆ ಎಂಪಿ3 ಬಂದರೆ ಅದು ಕಕ್ಕಾಬಿಕ್ಕಿಯಾಗಿ ನಿಂತುಬಿಡುತ್ತದೆ, ಬದಲಿ ಇದ್ದೂ ಇಲ್ಲದಂತಾಗುತ್ತದೆ.

ಇನ್ನೊಂದು ಬಗೆಯ ಮೌನವಿದೆ, ಹಿಡಿಯುವುದು ಕಷ್ಟ. ಎಲ್ಲ ಸಂಪರ್ಕವೂ ಸರಿಯಿರುತ್ತದೆ, ಆದರೆ ಮೈಕಿನ ತಂತಿ ಕಳಚಿರುತ್ತದೆ. ಸರ್ವರ್ ಕಣ್ಣಿಗೆ ಪ್ರಸಾರ ನಡೆಯುತ್ತಲೇ ಇದೆ. ಇಂಥದ್ದಕ್ಕೆ ಲಿಕ್ವಿಡ್‌ಸೋಪ್ ಧ್ವನಿಯ ಮಟ್ಟವನ್ನೇ ಅಳೆಯುತ್ತದೆ. ಬದಲಿಸದೆ ಬಿಟ್ಟರೆ, ಮೈನಸ್ 40 ಡೆಸಿಬಲ್‌ಗಿಂತ ಕೆಳಗೆ 20 ಸೆಕೆಂಡು ಕಳೆದರೆ ಅದನ್ನು ಮೌನವೆಂದು ತೀರ್ಮಾನಿಸಿ ಮುಂದಿನ ಆದ್ಯತೆಗೆ ಹೋಗುತ್ತದೆ. ಗಮಕ ವಾಚನವಾಗಲಿ, ತಾಳಮದ್ದಳೆಯಾಗಲಿ ಅಷ್ಟು ಹೊತ್ತು ಸುಮ್ಮನಿರುವುದಿಲ್ಲ. ಕಾಡಿನ ಬೆಳಗನ್ನೇ ಪ್ರಸಾರ ಮಾಡುವವರು ಮಾತ್ರ ಈ ಕಾವಲುಗಾರನನ್ನು ಮನೆಗೆ ಕಳಿಸಬೇಕು.

ಹಾಗೆ ಮಾಡುವವರೂ ಇದ್ದಾರೆ. ಲಂಡನ್ನಿನ ಸೌಂಡ್‌ಕ್ಯಾಂಪ್ ಬಳಗ 2014ರಿಂದ ಪ್ರತಿ ವರ್ಷ ಮೇ ಮೊದಲ ವಾರದ ಹೊತ್ತಿಗೆ 'ರೆವೇಲ್' ಎಂಬ ಪ್ರಸಾರ ನಡೆಸುತ್ತದೆ. ಭೂಮಿ ತಿರುಗಿದ ಹಾಗೆ ಬೆಳಗು ಪಶ್ಚಿಮಕ್ಕೆ ಸರಿಯುತ್ತದೆಯಲ್ಲ, ಅದರ ಬೆನ್ನುಹತ್ತಿ ಒಂದು ದಿನಕ್ಕೂ ಹೆಚ್ಚು ಹೊತ್ತು ದೇಶದೇಶಗಳ ಹಕ್ಕಿಗಳ ಉಲಿಯನ್ನು ಒಂದರ ನಂತರ ಒಂದು ಕೇಳಿಸುತ್ತಾರೆ. ಮೈಕುಗಳು ಜಗತ್ತಿನ ತುಂಬ ಯಾರದೋ ಕಿಟಕಿಯಲ್ಲಿ, ತೋಟದಲ್ಲಿ, ಮಾಳಿಗೆಯ ಮೇಲೆ ಇವೆ. ಹಲವೆಡೆ ಮೈಕಿನ ಹಿಂದಿರುವುದು ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರ್, ಅದರೊಳಗೆ ಮುಕ್ತ ತಂತ್ರಾಂಶ. ದಕ್ಷಿಣ ಫ್ರಾನ್ಸಿನ ಲೋಕಸ್ ಸೋನಸ್ ಎಂಬ ಸಂಶೋಧನಾ ಬಳಗ ವರ್ಷಗಳಿಂದ ನಡೆಸುತ್ತಿರುವ ತೆರೆದ ಮೈಕುಗಳ ನಕ್ಷೆ ಇದಕ್ಕೆ ಬೆನ್ನೆಲುಬು. ಬಾಯಿಬಡುಕ ಆರ್‌ಜೆಗಳಿಗೆ ಒಗ್ಗಿದ ಕಿವಿಗೆ ಇದು ರೇಡಿಯೊ ಎನಿಸುವುದು ಕಷ್ಟ. ಐಸ್‌ಕಾಸ್ಟಿನ ಮಟ್ಟಿಗೆ ಎರಡೂ ಒಂದೇ.

ಕನ್ನಡದಲ್ಲಿ ಕೇಂದ್ರ ಕಟ್ಟುವವರಿಗೆ ಎದುರಾಗುವ ಒಂದು ತೊಡಕನ್ನು ಇಂಗ್ಲಿಷ್ ಮಾರ್ಗದರ್ಶಿಗಳು ಹೇಳುವುದಿಲ್ಲ, ಹೇಳಿದರೂ ಎಲ್ಲೋ ಮೂಲೆಯಲ್ಲಿ. ಹಾಡಿನ ಹೆಸರನ್ನು ಕನ್ನಡದಲ್ಲಿ ಬರೆದಿಟ್ಟು ಎಂಪಿ3 ಪ್ರಸಾರ ಶುರು ಮಾಡಿದರೆ ಕೇಳುಗನ ಫೋನಿನಲ್ಲಿ ಶೀರ್ಷಿಕೆಯ ಜಾಗದಲ್ಲಿ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ಸಾಲು ಬರಬಹುದು. ಕಾರಣ ಸರಳ. ಎಂಪಿ3 ಪ್ರಸಾರದಲ್ಲಿ ಶೀರ್ಷಿಕೆ ಯಾವ ಲಿಪಿ ಸಂಕೇತದಲ್ಲಿದೆ ಎಂದು ಹೇಳುವ ವ್ಯವಸ್ಥೆಯೇ ಇಲ್ಲ, ಹಾಗಾಗಿ ಐಸ್‌ಕಾಸ್ಟ್ ಅದನ್ನು ಪಶ್ಚಿಮ ಯುರೋಪಿನ ಲ್ಯಾಟಿನ್-1 ಎಂದು ಊಹಿಸಿಕೊಳ್ಳುತ್ತದೆ. ಸೆಟ್ಟಿಂಗ್ಸ್ ಕಡತದಲ್ಲಿ ಆ ಪ್ರಸಾರದ ಹೆಸರಿನಡಿ ಯುಟಿಎಫ್-8 ಎಂದು ಒಂದು ಸಾಲು ಸೇರಿಸಿದರೆ ಈ ಊಹೆ ನಿಲ್ಲುತ್ತದೆ. ವಾರ್ಬಿಸ್, ಓಪಸ್‌ಗಳಿಗೆ ಈ ರೋಗವಿಲ್ಲ. ಅವುಗಳ ಶೀರ್ಷಿಕೆ ಹುಟ್ಟಿನಿಂದಲೇ ಯುಟಿಎಫ್-8.

ಜಾಲತಾಣದಲ್ಲಿ ಪ್ಲೇಯರ್ ಇಟ್ಟವರಿಗೆ ಇನ್ನೊಂದು ಕಾಟ. ತಾಣ ಎಚ್‌ಟಿಟಿಪಿಎಸ್‌ನಲ್ಲಿದ್ದು ಪ್ರಸಾರ 8000ನೇ ಪೋರ್ಟಿನ ಬರೀ ಎಚ್‌ಟಿಟಿಪಿಯಲ್ಲಿದ್ದರೆ, 2020ರಿಂದೀಚಿನ ಕ್ರೋಮ್ ಅದನ್ನು ನುಡಿಸಲು ಒಪ್ಪುವುದಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಪ್ರಮಾಣಪತ್ರ ಪಡೆದು, ಐಸ್‌ಕಾಸ್ಟಿನ ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ನಿಲ್ಲಿಸಿದರೆ ತೀರಿತು.

ಧ್ವನಿಯ ಮಟ್ಟದ ಬಗ್ಗೆಯೂ ಹೇಳಲೇಬೇಕು. 1950ರ ದಶಕದ ತಟ್ಟೆಯಿಂದ ಇಳಿಸಿದ ಹಾಡು ಪಿಸುಗುಡುತ್ತದೆ, ಅದರ ಬೆನ್ನಿಗೆ ಬಂದ ಹೊಸ ಹಾಡು ಕಿವಿಗೆ ಹೊಡೆಯುತ್ತದೆ, ನಡುವೆ ಮಾತಾಡಿದವರ ದನಿ ಬಾವಿಯೊಳಗಿಂದ ಬಂದಂತಿರುತ್ತದೆ. ಯುರೋಪಿನ ಬಾನುಲಿ ಸಂಸ್ಥೆಗಳ ಒಕ್ಕೂಟ 2010ರಲ್ಲಿ ಇದಕ್ಕೊಂದು ಅಳತೆ ತಂದಿತು, ಮೈನಸ್ 23 ಎಲ್‌ಯುಎಫ್‌ಎಸ್ ಎಂದು. ಫೋನಿನಲ್ಲಿ ಕೇಳುವವರಿಗಾಗಿ ಇಂಟರ್ನೆಟ್ ರೇಡಿಯೊದವರು ಅದಕ್ಕಿಂತ ಜೋರಾಗಿ, ಮೈನಸ್ 16ರ ಆಸುಪಾಸು ಇಟ್ಟುಕೊಳ್ಳುತ್ತಾರೆ. ಎಫ್‌ಎಫ್‌ಎಂಪೆಗ್‌ನಿಂದ ಇಡೀ ಸಂಗ್ರಹವನ್ನು ಒಂದು ರಾತ್ರಿಯಲ್ಲಿ ಈ ಮಟ್ಟಕ್ಕೆ ತರಬಹುದು, ಒಂದೊಂದನ್ನೇ ತಿದ್ದುವವರಿಗೆ ಆಡಾಸಿಟಿ ಇದೆ. ದುಬಾರಿ ಮೈಕು ಕೊಳ್ಳುವ ಮೊದಲು ಇದನ್ನು ಮಾಡಿ, ಗೋಡೆಗೊಂದು ಕಂಬಳಿ ತೂಗುಹಾಕಿದರೆ ಕೇಂದ್ರದ ದನಿ ಅರ್ಧ ಸುಧಾರಿಸಿದಂತೆ.

ತಂತ್ರಾಂಶದ ಕೈಗೆ ಸಿಗದ ಮೌನವೂ ಒಂದಿದೆ, ಕಾನೂನಿನದು.

ಭಾರತದಲ್ಲಿ ಗಾಳಿಯ ಅಲೆಯ ಮೇಲೆ ಮಾತಾಡಲು ಸರ್ಕಾರದ ಅಪ್ಪಣೆ ಬೇಕು. ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿ ಕೇಂದ್ರ ಆರಂಭಿಸಿದರು. ಸ್ವಾತಂತ್ರ್ಯಾನಂತರ ದಶಕಗಳ ಕಾಲ ಅಂಥ ಸಾಹಸಕ್ಕೆ ಅವಕಾಶವೇ ಇರಲಿಲ್ಲ. ಅಲೆಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದ ಮೇಲೂ ಸಮುದಾಯ ರೇಡಿಯೊಗೆ ಬಾಗಿಲು ತೆರೆಯಲು 2006 ಬರಬೇಕಾಯಿತು. ಆ ನಡುವೆ ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ' ಸಮುದಾಯ ರೇಡಿಯೊದವರು ಕಾದು ಕೂರಲಿಲ್ಲ. ಅಲೆಗೆ ಪರವಾನಗಿ ಇಲ್ಲದಿದ್ದರೇನು, ತಂತಿಗೆ ಬೇಕಿಲ್ಲವಲ್ಲ ಎಂದು ಊರಿನ ಕೇಬಲ್ ಟಿವಿಯ ತಂತಿಯಲ್ಲೇ ರೇಡಿಯೊ ಹರಿಸಿ ಮನೆಮನೆ ಮುಟ್ಟಿದರು. ಪರವಾನಗಿ ಸಿಕ್ಕ ಸಮುದಾಯ ಕೇಂದ್ರಗಳಿಗೂ 100 ವಾಟ್‌ನ ಮಿತಿ, 30 ಮೀಟರ್ ಗೋಪುರದ ಮಿತಿ. ದೆಹಲಿಯ ಗ್ರಾಮವಾಣಿ ಸಂಸ್ಥೆ ಇಂಥ ಕೇಂದ್ರಗಳಿಗೆಂದೇ ಗ್ರಿನ್ಸ್ ಎಂಬ ಮುಕ್ತ ತಂತ್ರಾಂಶ ಮಾಡಿತ್ತು.

ಇಂಟರ್ನೆಟ್ ರೇಡಿಯೊಗೆ ಈ ಅಲೆಯ ಪರವಾನಗಿ ಬೇಡ. ನಮ್ಮ್ ರೇಡಿಯೊ, ರೇಡಿಯೊ ಗಿರ್ಮಿಟ್‌ನಂಥ ಕನ್ನಡದ ಕೇಂದ್ರಗಳು ಹೊರನಾಡ ಕನ್ನಡಿಗರನ್ನು ಮುಟ್ಟಲು ಸಾಧ್ಯವಾದದ್ದು ಅದರಿಂದ. ಆದರೆ ಹಾಡಿನ ಹಕ್ಕು ಬಿಡುವುದಿಲ್ಲ. ಎಫ್‌ಎಂ ಕೇಂದ್ರಗಳು ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ 31ಡಿ ಕಲಮಿನಡಿ, ಹಕ್ಕುದಾರರು ಒಪ್ಪದಿದ್ದರೂ ನಿಗದಿಯಾದ ದರ ತೆತ್ತು ಹಾಡು ಪ್ರಸಾರ ಮಾಡಬಹುದು. ಇಂಟರ್ನೆಟ್ ಸ್ಟ್ರೀಮಿಂಗ್‌ಗೆ ಈ ಸೌಲಭ್ಯವಿಲ್ಲ ಎಂದು ಟಿಪ್ಸ್ ಎಂಬ ಸಂಗೀತ ಕಂಪನಿ ಮತ್ತು ವಿಂಕ್ ಎಂಬ ಸ್ಟ್ರೀಮಿಂಗ್ ಸೇವೆಯ ನಡುವಿನ ವ್ಯಾಜ್ಯದಲ್ಲಿ ಬಾಂಬೆ ಹೈಕೋರ್ಟ್ 2019ರಲ್ಲಿ ತೀರ್ಪಿತ್ತಿತು, 2022ರಲ್ಲಿ ವಿಭಾಗೀಯ ಪೀಠ ಅದನ್ನೇ ಎತ್ತಿಹಿಡಿಯಿತು. ಅಂದರೆ ಹಕ್ಕುದಾರರ ಮನೆ ಬಾಗಿಲು ತಟ್ಟಿಯೇ ಬರಬೇಕು.

ಲೆಕ್ಕ ಜಟಿಲವಾಗುವುದು ಒಂದೇ ಹಾಡಿನಲ್ಲಿ ಹಲವು ಹಕ್ಕುಗಳಿರುವುದರಿಂದ. ಧ್ವನಿಮುದ್ರಣದ ಹಕ್ಕು ಪ್ರಕಟವಾದ 60 ವರ್ಷಕ್ಕೆ ಮುಗಿಯುತ್ತದೆ. ಸಾಹಿತ್ಯ ಮತ್ತು ಸಂಯೋಜನೆಯ ಹಕ್ಕು ಕರ್ತೃ ತೀರಿಕೊಂಡ ಮೇಲೂ 60 ವರ್ಷ ನಡೆಯುತ್ತದೆ. ಪುರಂದರದಾಸರ ಕೀರ್ತನೆ ಯಾರದ್ದೂ ಅಲ್ಲ, ಆದರೆ ಹೋದ ವರ್ಷ ಅದನ್ನು ಹಾಡಿ ಮುದ್ರಿಸಿದ ಆಡಿಯೊ ಕಂಪನಿಯ ಹಕ್ಕು ಅಲ್ಲಿದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರ ಕವಿತೆಯನ್ನು ನೀವೇ ಹಾಡಿ ಪ್ರಸಾರ ಮಾಡಿದರೂ 2041ರ ಕೊನೆಯವರೆಗೆ ಅನುಮತಿ ಬೇಕು. ಇದನ್ನೆಲ್ಲ ನೋಡಿದರೆ ಹೊಸ ಕೇಂದ್ರಕ್ಕೆ ಸಿನಿಮಾ ಹಾಡಿನ ಹಾದಿ ತುಳಿಯುವುದಕ್ಕಿಂತ ಊರಿನ ಗಾಯಕರಿಂದ ಒಪ್ಪಿಗೆ ಬರೆಸಿಕೊಂಡು ತಾವೇ ಮುದ್ರಿಸಿದ ಹಂತಿಪದ, ಸೋಬಾನೆ, ಮಾತುಕತೆಗಳೇ ವಾಸಿ. ಸಿನಿಮಾ ಹಾಡು ಹೇಗೂ ಎಲ್ಲೆಡೆ ಸಿಗುತ್ತದೆ.

ಅಮೆರಿಕದಲ್ಲಿ ಈ ಹಕ್ಕಿನ ಜಗಳ ಕೇಂದ್ರಗಳನ್ನೇ ಮುಳುಗಿಸಿದೆ. ಸ್ಯಾನ್ ಫ್ರಾನ್ಸಿಸ್ಕೊದ ಸೋಮಾ ಎಫ್‌ಎಂ, ಕೇಳುಗರ ದೇಣಿಗೆಯಿಂದಲೇ ನಡೆಯುವ ಕೇಂದ್ರ, 2002ರಲ್ಲಿ ರಾಯಧನದ ದರಕ್ಕೆ ಹೆದರಿ ಕೆಲವು ತಿಂಗಳು ಮುಚ್ಚಿತ್ತು. ಮತ್ತೆ ದರ ಏರಿದಾಗ, 2007ರ ಜೂನ್ 26ರಂದು ಅಲ್ಲಿನ ಹಲವು ಇಂಟರ್ನೆಟ್ ರೇಡಿಯೊಗಳು ಒಂದು ದಿನ ತಾವಾಗಿಯೇ ಬಾಯಿ ಮುಚ್ಚಿ ಪ್ರತಿಭಟಿಸಿದವು. ಸಣ್ಣ ಕೇಂದ್ರಗಳಿಗಿದ್ದ ರಿಯಾಯಿತಿ 2015ರ ಕೊನೆಗೆ ಮುಗಿಯಿತು, ಮರು ತಿಂಗಳೇ ಸಾವಿರಾರು ಹವ್ಯಾಸಿ ಕೇಂದ್ರಗಳನ್ನು ಹೊತ್ತಿದ್ದ ಲೈವ್365 ಸ್ಥಗಿತಗೊಂಡಿತು. ಮತ್ತೆ ಎದ್ದಿತಾದರೂ ಅಲ್ಲಿದ್ದ ಎಲ್ಲರೂ ಮರಳಲಿಲ್ಲ.

ಕಾನೂನು ಬಿಟ್ಟು ಮತ್ತೆ ಸರ್ವರಿಗೆ ಬಂದರೆ, ಆಗಾಗ ನೋಡಬೇಕಾದ ಕಡತ ಇನ್ನೊಂದಿದೆ: ಐಸ್‌ಕಾಸ್ಟಿನ ಆಕ್ಸೆಸ್ ಲಾಗ್. ಬಂದುಹೋದ ಪ್ರತಿ ಕೇಳುಗನಿಗೂ ಒಂದು ಸಾಲು. ಎಲ್ಲಿಂದ ಬಂದ, ಯಾವ ಪ್ಲೇಯರಿನಲ್ಲಿ ಕೇಳಿದ, ಸಾಲಿನ ಕೊನೆಯಲ್ಲಿ ಎಷ್ಟು ಸೆಕೆಂಡು ಉಳಿದ ಎಂಬ ಅಂಕಿ. ಎಫ್‌ಎಂ ಕೇಂದ್ರಗಳು ಸಮೀಕ್ಷೆಗೆ ದುಡ್ಡು ತೆತ್ತು ಅಂದಾಜು ಮಾಡುವುದನ್ನು ಇಲ್ಲಿ ಒಬ್ಬೊಬ್ಬರ ಲೆಕ್ಕದಲ್ಲಿ ಓದಬಹುದು, ಯಾವ ಕಾರ್ಯಕ್ರಮದ ನಡುವೆ ಜನ ಎದ್ದು ಹೋದರು ಎಂಬುದನ್ನೂ. ಐಪಿ ವಿಳಾಸಗಳೂ ಅಲ್ಲೇ ಇರುವುದರಿಂದ ಹಳೆಯದನ್ನು ಆಗಾಗ ಅಳಿಸುವುದು ಸಭ್ಯತನ. ಜಾಹೀರಾತುದಾರರ ಮುಂದೆ ಸಂಖ್ಯೆ ಹಿಡಿದು ಹೋಗುವ ಮೊದಲು ಸೊನ್ನೆ, ಒಂದು, ಎರಡು ಸೆಕೆಂಡಿನ ಸಾಲುಗಳನ್ನು ಕಳೆಯಬೇಕು. ಅವುಗಳಲ್ಲಿ ಬಹುಪಾಲು ಕೇಂದ್ರ ಬದುಕಿದೆಯೇ ಎಂದು ಇಣುಕುವ ರೇಡಿಯೊ ಪಟ್ಟಿಗಳ ರೋಬಾಟುಗಳು, ಮನುಷ್ಯರಲ್ಲ.